ಮೈಲಿ ಲೆಕ್ಕ ಮತ್ತು ಕೊಪ್ಪದ ಕಬ್ಬು

ಸಾರಿಗೆಯ ಮೈಲಿ ಲೆಕ್ಕದಿಂದ ಒಂದು ಸೀಮೆಯ ವ್ಯಾಪಾರ ವಹಿವಾಟನ್ನು ಅಳೆಯುವ ರೂಢಿ ರೈಲು ಬಂದ ಮೇಲೆ ಬಲವಾಯಿತು. ಅದಕ್ಕೆ ಮುನ್ನ ಎಣಿಕೆಗೆ ಸಿಗುತ್ತಿದ್ದುದು ಸುಂಕದ ಕಟ್ಟೆಯ ವಸೂಲಿ ಮತ್ತು ರಸ್ತೆಯ ಉದ್ದ. ಕಮಿಷನರ್ ಮಾರ್ಕ್ ಕಬ್ಬನ್ (1834–61) ಕಾಲದ ಆಡಳಿತ ಮೈಸೂರು ಸೀಮೆಯಲ್ಲಿ ಸುಮಾರು 1,600 ಮೈಲಿ ರಸ್ತೆ ಮಾಡಿಸಿದ್ದನ್ನು ತನ್ನ ದೊಡ್ಡ ಸಾಧನೆಗಳಲ್ಲಿ ಒಂದೆಂದು ಹೇಳಿಕೊಂಡಿತು. ಆದರೆ ಆ ರಸ್ತೆಗಳ ಮೇಲೆ ಏನು ಹೋಯಿತು, ಎಷ್ಟು ಹೋಯಿತು ಎಂಬುದು ಆ ಸಂಖ್ಯೆಯಿಂದ ತಿಳಿಯದು.

1876–78ರ ಬರಗಾಲದಲ್ಲಿ ಬೆಂಗಳೂರಿನವರೆಗೆ ರೈಲಿನಲ್ಲಿ ಬಂದ ಧಾನ್ಯ ಅಲ್ಲಿಂದಾಚೆ ಎತ್ತಿನ ಗಾಡಿಯನ್ನೇ ನೆಚ್ಚಬೇಕಿತ್ತು; ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದವು. 86 ಮೈಲಿಯ ಬೆಂಗಳೂರು–ಮೈಸೂರು ಮೀಟರ್‌ಗೇಜ್ ಮಾರ್ಗ 1881–82ರಲ್ಲಿ ಮದ್ದೂರು, ಮಂಡ್ಯಗಳನ್ನು ಹಾದು ಪೂರ್ಣಗೊಂಡಿತು. ರೈಲಿನ ಜೊತೆ ಹೊಸ ಲೆಕ್ಕವೂ ಬಂತು. ರೈಲುಗಾಡಿ ಓಡಿದ ದೂರ ರೈಲು-ಮೈಲಿ. ಒಂದು ಟನ್ ಸರಕು ಒಂದು ಮೈಲಿ ಸಾಗಿದರೆ ಒಂದು ಟನ್-ಮೈಲಿ. ಮೊದಲನೆಯದು ರೈಲ್ವೆಯ ಖರ್ಚನ್ನು ಹೇಳುತ್ತದೆ, ಎರಡನೆಯದು ಅದು ಮಾಡಿದ ಕೆಲಸವನ್ನು. ಖಾಲಿ ವ್ಯಾಗನ್ ಎಷ್ಟು ದೂರ ಓಡಿದರೂ ಟನ್-ಮೈಲಿ ಸೊನ್ನೆಯೇ.

ಮದ್ದೂರು ತಾಲ್ಲೂಕಿನ ಹೋಬಳಿ ಊರಾದ ಕೊಪ್ಪಕ್ಕೆ ರೈಲು ಬರಲಿಲ್ಲ. ಸೀಮೆಯ ಚಹರೆ ಬದಲಿಸಿದ್ದು ನೀರು. ಕನ್ನಂಬಾಡಿ ಕಟ್ಟೆಯಿಂದ ಹೊರಟ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಬಯಲಿಗೆ ಕಬ್ಬು ತಂದಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಬಹಳ ಕಾಲದ ಮೇಲೆ ಕೊಪ್ಪದಲ್ಲೇ ಒಂದು ಖಾಸಗಿ ಕಾರ್ಖಾನೆ ಬಂತು. ಅರೆಯುವ ಹಂಗಾಮಿನಲ್ಲಿ ಕಾರ್ಖಾನೆಯ ತೂಕದ ಮನೆಯ ಮುಂದೆ ಎತ್ತಿನ ಗಾಡಿ, ಟ್ರ್ಯಾಕ್ಟರ್, ಲಾರಿಗಳು ಸಾಲುಗಟ್ಟುತ್ತವೆ. ಕಡಿದ ಕಬ್ಬು ನಿಂತಲ್ಲೇ ಒಣಗಿ ತೂಕ ಕಳೆದುಕೊಳ್ಳುವುದರಿಂದ ಹತ್ತಿರದ ಕಬ್ಬೇ ಲಾಭದ ಕಬ್ಬು.

ಮೈಲಿ ಲೆಕ್ಕ ಎಡವುವುದೂ ಇಲ್ಲೇ. ಒಂದು ಟನ್ ಕಬ್ಬು 15 ಕಿ.ಮೀ. ಸಾಗಿ ಕಾರ್ಖಾನೆ ಸೇರಿದರೆ 15 ಟನ್-ಕಿ.ಮೀ. ಇಳುವರಿ ನೂರಕ್ಕೆ ಹತ್ತು ಎಂದಿಟ್ಟುಕೊಂಡರೆ ಅದರಿಂದ ಬರುವ ಸಕ್ಕರೆ ಒಂದು ಕ್ವಿಂಟಾಲ್. ಅದು 100 ಕಿ.ಮೀ. ದೂರದ ಪೇಟೆಗೆ ಹೋದರೂ ಆಗುವುದು 10 ಟನ್-ಕಿ.ಮೀ. ಮಾತ್ರ. ಬೆಲೆ ಏರಿದೆ, ಲೆಕ್ಕ ಇಳಿದಿದೆ. ಇದರ ತಿರುವುಮುರುವೂ ನಡೆದಿದೆ. ಮಂಡ್ಯದ ಕಾರ್ಖಾನೆ ಕೆಲವು ವರ್ಷ ನಿಂತುಹೋಗಿ 2022ರಲ್ಲಿ ಮತ್ತೆ ಶುರುವಾಯಿತು. ಅದು ನಿಂತಿದ್ದಾಗ ಅದರ ಭಾಗದ ಕಬ್ಬು ದೂರದ ಕಾರ್ಖಾನೆಗಳ ದಾರಿ ಹಿಡಿಯಬೇಕಾಯಿತು. ಅಂಥಲ್ಲಿ ಟನ್-ಕಿಲೋಮೀಟರ್ ಹೆಚ್ಚುವುದು ಏಳಿಗೆಯ ಗುರುತಲ್ಲ, ಸಂಕಟದ ಗುರುತು.

ಬಸ್ಸಿನ ಲೆಕ್ಕ ಇನ್ನೊಂದು ಬಗೆ. 1948ರಲ್ಲಿ ಮೈಸೂರು ಸರ್ಕಾರದ ಸಾರಿಗೆ ಇಲಾಖೆಯಾಗಿ ಹುಟ್ಟಿ, 1961ರಲ್ಲಿ ನಿಗಮವಾದ ಸಂಸ್ಥೆ ಕಿಲೋಮೀಟರಿಗೆ ಎಷ್ಟು ಗಳಿಕೆ ಎಂದು ನೋಡುತ್ತದೆ. ಡಿಪೋದಿಂದ ನಿಲ್ದಾಣಕ್ಕೆ ಖಾಲಿ ಓಡಿದ್ದು ಡೆಡ್ ಕಿಲೋಮೀಟರ್. ಸರಕಿನ ವಿಷಯದಲ್ಲಿ 2018ರ ಏಪ್ರಿಲ್ 1ರಿಂದ ಜಾರಿಗೆ ಬಂದ ಜಿಎಸ್‌ಟಿ ಇ-ವೇ ಬಿಲ್ ಅಂಕಿಅಂಶವನ್ನು ಈಗ ಅರ್ಥಶಾಸ್ತ್ರಜ್ಞರು ತಿಂಗಳು ತಿಂಗಳೂ ಗಮನಿಸುತ್ತಾರೆ. 50,000 ರೂಪಾಯಿ ಮೀರಿದ ಸರಕಿಗೆ ಬೇಕಾಗುವ ಈ ಬಿಲ್ಲಿನಲ್ಲಿ ದೂರವನ್ನೂ ನಮೂದಿಸಬೇಕು. ಬಿಲ್ಲಿನ ಅವಧಿ ನಿಗದಿಯಾಗುವುದೂ ಆ ದೂರದಿಂದಲೇ. ಆದರೆ ಕಬ್ಬಿಗೆ ತೆರಿಗೆ ಇಲ್ಲ, ಆದ್ದರಿಂದ ಬಿಲ್ಲೂ ಇಲ್ಲ. ಕೊಪ್ಪದ ಸಕ್ಕರೆ ಲಾರಿ ದೇಶದ ಲೆಕ್ಕಕ್ಕೆ ಬರುತ್ತದೆ. ಆ ಸಕ್ಕರೆಗೆ ಕಬ್ಬು ಹೊತ್ತು ತಂದ ಗಾಡಿಗಳು ಬರುವುದಿಲ್ಲ.

2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಮದ್ದೂರು ಪೇಟೆಯನ್ನು ಬೈಪಾಸ್ ಬಳಸಿ ಹೋಗುವುದರಿಂದ, ವಡೆಗೆಂದು ಇಳಿಯುತ್ತಿದ್ದ ಪ್ರಯಾಣಿಕರು ಹಳೆಯ ಹೋಟೆಲುಗಳಿಗೆ ಕಡಿಮೆಯಾದರು. ಟೋಲ್ ಕಟ್ಟೆಗಳು ಒಂದು ಕಡೆ ಬಿಡದಿ ಬಳಿ, ಇನ್ನೊಂದು ಕಡೆ ಶ್ರೀರಂಗಪಟ್ಟಣ ತಾಲ್ಲೂಕಿನ ಗಣಂಗೂರಿನಲ್ಲಿವೆ. ಕೊಪ್ಪದಿಂದ ಮದ್ದೂರಿಗೆ ಬಂದು ಸರ್ವೀಸ್ ರಸ್ತೆಯಲ್ಲಿ ಮಂಡ್ಯಕ್ಕೆ ಹೋಗುವ ಗಾಡಿ ಈ ಎರಡರಲ್ಲಿ ಯಾವುದನ್ನೂ ದಾಟುವುದಿಲ್ಲ; ಟೋಲ್ ಲೆಕ್ಕಕ್ಕೂ ಅದು ಸಿಗುವುದಿಲ್ಲ.