ವಿಶ್ವಕಿರಣ, ಮೋಡ ಮತ್ತು ರಾಯರ ಸಂಶಯ

ಭಾರತದ ಮೊದಲ ಉಪಗ್ರಹವು ಪೀಣ್ಯದ ಕೈಗಾರಿಕಾ ವಸಾಹತಿನ ಷೆಡ್ಡುಗಳಲ್ಲಿ ರೂಪುಗೊಂಡಿತೆಂಬುದನ್ನು ವಾಚಕರು ಬಲ್ಲರು. 1975ರ ಏಪ್ರಿಲ್ 19ರಂದು ಗಗನಕ್ಕೇರಿದ ಆ 'ಆರ್ಯಭಟ'ದ ನಿರ್ಮಾಣಕ್ಕೆ ಮುಂದಾಳಾಗಿದ್ದವರು ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಡಾ॥ ಯು. ಆರ್. ರಾಯರು. ಅದೇ ರಾಯರು ಮುಂದೆ ಭೂಮಿಯ ತಾಪದ ವಿಚಾರದಲ್ಲಿ ದೊಡ್ಡದೊಂದು ವಾದವನ್ನು ಎಬ್ಬಿಸಿದುದು ಇಂದು ಹಲವರಿಗೆ ನೆನಪಿರಲಾರದು.

2011ರ ಜನವರಿಯಲ್ಲಿ, ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಅವರ ಲೇಖನ ಬಂದಿತು. ಸೂರ್ಯನ ಚಟುವಟಿಕೆ ಹೆಚ್ಚಿದ ಕಾರಣ ಭೂಮಿಯನ್ನು ಮುಟ್ಟುವ ವಿಶ್ವಕಿರಣಗಳು 150 ವರ್ಷಗಳಲ್ಲಿ ಶೇಕಡ 9ರಷ್ಟು ತಗ್ಗಿವೆ. ಮೋಡ ಕಟ್ಟಲು ಆ ಕಿರಣಗಳು ನೆರವಾಗುವುದರಿಂದ ಕೆಳಮಟ್ಟದ ಮೋಡ ಕಡಿಮೆಯಾಗಿ ಬಿಸಿಲು ಹೆಚ್ಚಿದೆ. ಆದಕಾರಣ ತಾಪವೃದ್ಧಿಯ ಹೊಣೆಯನ್ನೆಲ್ಲ ಇಂಗಾಲದ ಡೈಆಕ್ಸೈಡಿನ ಮೇಲೆ ಹೊರಿಸಲಾಗದು—ಇದು ಅವರ ವಾದದ ಸಾರ. ಅಂದಿನ ಕೇಂದ್ರ ಪರಿಸರ ಸಚಿವ ಶ್ರೀ ಜೈರಾಮ್ ರಮೇಶರು ಅದನ್ನು ಸಾರ್ವಜನಿಕ ಚರ್ಚೆಗೆ ತಂದರು.

ರಾಯರು ವಿಕ್ರಮ್ ಸಾರಾಭಾಯಿಯವರ ಶಿಷ್ಯರಾಗಿ ವಿಶ್ವಕಿರಣಗಳನ್ನೇ ಅಭ್ಯಾಸ ಮಾಡಿದವರು. ಆದರೆ ವಿಜ್ಞಾನದಲ್ಲಿ ಹಿರಿತನವೇ ಸಾಕ್ಷ್ಯವಾಗದು. 1950ರ ದಶಕದಿಂದ ಅಳೆದ ಲೆಕ್ಕದಲ್ಲಿ ವಿಶ್ವಕಿರಣಗಳು ಒಂದೇ ಸಮನೆ ಇಳಿದಿಲ್ಲ; 2009ರಲ್ಲಂತೂ ದಾಖಲೆಯ ಮಟ್ಟಕ್ಕೇರಿದವು. ಭೂಮಿ ಮಾತ್ರ ತಂಪಾಗಲಿಲ್ಲ. ಈ ಕಿರಣಗಳ ಏರಿಳಿತ ಇಂದಿನ ಹವೆಯನ್ನು ಗಣನೀಯವಾಗಿ ಬದಲಿಸದೆಂದು ಜಿನೀವಾದ ಸೆರ್ನ್ ಸಂಸ್ಥೆಯ ಪ್ರಯೋಗಗಳೂ 2016ರಲ್ಲಿ ತೋರಿದವು.

ಸಂಶಯ ವಿಜ್ಞಾನಕ್ಕೆ ದ್ರೋಹವಲ್ಲ. ರಾಯರು ತಮ್ಮ ಸಂಶಯಕ್ಕೆ ಅಂಕಿ ಕೊಟ್ಟು ಪರೀಕ್ಷೆಗೆ ಒಡ್ಡಿದರು. ಪರೀಕ್ಷೆಯ ತೀರ್ಪು ಬೇರೆಯಾಯಿತು. ಅವರ ಹೆಸರು ಹಿಡಿದು 'ವಿಜ್ಞಾನಿಗಳೇ ಒಪ್ಪಿಲ್ಲ' ಎನ್ನುವವರು ಆ ತೀರ್ಪನ್ನೂ ಹೇಳುವುದು ನ್ಯಾಯ.