ಮದ್ರಾಸಿನ ಬೈಬಲ್ ಆಯ್ಕೆ

ತಮಿಳು ಬೈಬಲ್ಲಿನ ಯಾವ ಅನುವಾದವನ್ನು ಓದಬೇಕೆಂಬ ತಕರಾರು ಮದ್ರಾಸಿನಲ್ಲಿ ಒಂದೂವರೆ ಶತಮಾನಕ್ಕೂ ಹಳೆಯದು. ಅದರ ಬೇರು ಮದ್ರಾಸಿನದೇ ಬಡಾವಣೆಯಾದ ವೇಪೇರಿಯ ಜರ್ಮನ್ ಪಾದ್ರಿ ಯೋಹಾನ್ ಫಿಲಿಪ್ ಫ್ಯಾಬ್ರಿಸಿಯಸ್ ಅವರ ಕೆಲಸದಲ್ಲಿದೆ. 1761ರಲ್ಲಿ ಪುದುಚೇರಿಯನ್ನು ಗೆದ್ದ ಇಂಗ್ಲಿಷರು ಫ್ರೆಂಚರ ಅಚ್ಚಿನ ಯಂತ್ರವನ್ನು ಮದ್ರಾಸಿಗೆ ಹೊತ್ತು ತಂದರು. ಸರ್ಕಾರದ ಕೆಲಸ ಬಂದರೆ ಅದನ್ನೇ ಮೊದಲು ಮುಗಿಸಿಕೊಡಬೇಕೆಂಬ ಕರಾರಿನ ಮೇಲೆ ಆ ಯಂತ್ರ ಫ್ಯಾಬ್ರಿಸಿಯಸ್ ಅವರ ಕೈಸೇರಿತು. ಅವರ ತಮಿಳು ಹೊಸ ಒಡಂಬಡಿಕೆ 1772ರಲ್ಲಿ ಹೊರಬಂತು. ಸಾಲದ ಸುಳಿಗೆ ಸಿಕ್ಕಿ ಸೆರೆಮನೆಯನ್ನೂ ಕಂಡ ಈ ಪಾದ್ರಿಗೆ ಭಾಷೆಯ ವಿಷಯದಲ್ಲಿ ಮಾತ್ರ ಲೆಕ್ಕ ತಪ್ಪಲಿಲ್ಲ ಎನ್ನಬೇಕು.

1820ರಲ್ಲಿ ಮದ್ರಾಸಿನಲ್ಲಿ ಬೈಬಲ್ ಸೊಸೈಟಿಯ ಶಾಖೆ ಹುಟ್ಟಿದ ಮೇಲೆ ಪರಿಷ್ಕರಣೆಗಳು ಸಾಲುಗಟ್ಟಿದವು. ತಿರುನೆಲ್ವೇಲಿಯ ಮಿಷನರಿ ರೇನಿಯಸ್ ಸರಳ ತಮಿಳಿನತ್ತ ವಾಲಿದರು. ಶ್ರೀಲಂಕಾದ ಯಾಳ್ಪಾಣದಲ್ಲಿ (ಜಾಫ್ನಾ) ಮಿಷನರಿ ಪೀಟರ್ ಪರ್ಸಿವಲ್ ಅವರು ಶೈವ ವಿದ್ವಾಂಸ ಆರುಮುಗ ನಾವಲರ್ ನೆರವಿನಿಂದ ಸಿದ್ಧಪಡಿಸಿದ 1850ರ ಅನುವಾದ, ಹಳೆಯ ಪಾಠಕ್ಕೆ ಒಗ್ಗಿದ್ದ ಹಲವರಿಗೆ ರುಚಿಸಲಿಲ್ಲ. ಕೊನೆಗೆ ಹೆನ್ರಿ ಬವರ್ ಮುಂದಾಳತ್ವದ ಸಮಿತಿ ಫ್ಯಾಬ್ರಿಸಿಯಸ್ ಪಾಠವನ್ನೇ ಆಧಾರವಾಗಿಟ್ಟುಕೊಂಡು ಸಿದ್ಧಪಡಿಸಿದ ಐಕ್ಯ ಅನುವಾದದ ಇಡೀ ಬೈಬಲ್ 1871ರಲ್ಲಿ ಬಂತು. ಹೆಚ್ಚಿನ ಪ್ರಾಟೆಸ್ಟೆಂಟ್ ಸಭೆಗಳು ಅದನ್ನು ಒಪ್ಪಿಕೊಂಡವು. ಲೂಥರನ್ನರು ಮಾತ್ರ ಫ್ಯಾಬ್ರಿಸಿಯಸ್ ಅನುವಾದವನ್ನು ಬಹುಕಾಲ ಬಿಟ್ಟುಕೊಡಲಿಲ್ಲ.