ಕರೆದರೆ ಬರುವ ಹಕ್ಕಿ: ಅಮೆರಿಕದ ಕಾಡು ಟರ್ಕಿ ಕೋಳಿ ಮರಳಿ ಬಂದ ಕತೆ

ಇವತ್ತಿನ ಸಂಚಿಕೆಯಲ್ಲಿ ರಾಜರಿಲ್ಲ, ಯುದ್ಧವಿಲ್ಲ. ಒಂದು ಹಕ್ಕಿ ಇದೆ, ಅದರ ದನಿಯನ್ನು ಕಲಿತ ಮನುಷ್ಯರಿದ್ದಾರೆ.

ಕೆಲವು ವರ್ಷಗಳ ಹಿಂದೆ ಏಪ್ರಿಲ್‌ನಲ್ಲಿ ಬಾಸ್ಟನ್ ಪಕ್ಕದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಒಂದು ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡೋಕೆ ಹೊರಟರೆ, ರಸ್ತೆ ಮಧ್ಯೆ ಐದಾರು ಟರ್ಕಿ ಕೋಳಿಗಳು. ನಮ್ಮೂರಿನ ಹಸುಗಳ ಹಾಗೆ, ಯಾವ ಅವಸರವೂ ಇಲ್ಲದೆ ನಿಂತಿದ್ದವು. ಭಾವ ಹಾರ್ನ್ ಹೊಡೆದರು. ಅದರಲ್ಲಿದ್ದ ಗಂಡು ಕತ್ತು ಮುಂದೆ ಚಾಚಿ ಗುಳುಗುಳುಗುಳು ಅಂತ ತಿರುಗಿ ಕೂಗಿತು! ಭಾವ ಮತ್ತೆ ಹೊಡೆದರು, ಅದು ಮತ್ತೆ ಕೂಗಿತು. ಹಿಂದಿನ ಸೀಟಲ್ಲಿ ಮಕ್ಕಳು ಬಿದ್ದು ಬಿದ್ದು ನಕ್ಕರು. "ವಸಂತ ಬಂದ್ರೆ ಇವು ಹೀಗೇನೇ, ಗುಡುಗಿಗೂ ಕೂಗ್ತಾವೆ," ಅಂದರು ಭಾವ.

ನಾನೂ ನಕ್ಕೆ. ಆಮೇಲೆ ಓದುತ್ತಾ ಹೋದಾಗ ಒಂದು ವಿಷಯ ಸಿಕ್ಕಿತು. ಇದೇ ಮ್ಯಾಸಚೂಸೆಟ್ಸ್ ರಾಜ್ಯದ ಕೊನೆಯ ಕಾಡು ಟರ್ಕಿಯನ್ನು 1851ರಲ್ಲಿ ಮೌಂಟ್ ಟಾಮ್ ಅನ್ನುವ ಬೆಟ್ಟದಲ್ಲಿ ಕೊಂದಿದ್ದರು. ಹಾಗಾದ್ರೆ ರಸ್ತೆಯಲ್ಲಿ ನಿಂತಿದ್ದ ಆ ಹಕ್ಕಿ ಎಲ್ಲಿಂದ ಬಂತು?

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಟರ್ಕಿ ಕೋಳಿಗೂ ಟರ್ಕಿ ದೇಶಕ್ಕೂ ಸಂಬಂಧ ಇಲ್ಲ. ಇದು ಉತ್ತರ ಅಮೆರಿಕದ ಹಕ್ಕಿ. ಮೆಕ್ಸಿಕೋದ ಮೂಲನಿವಾಸಿಗಳು ಅದನ್ನು ಸಾಕಿ ಪಳಗಿಸಿದ್ದರು. ಸ್ಪೇನಿನವರು 16ನೇ ಶತಮಾನದ ಆರಂಭದಲ್ಲಿ ಯುರೋಪಿಗೆ ಒಯ್ದರು. ಎಲ್ಲಿಂದ ಬಂತು ಅನ್ನೋದು ಯುರೋಪಿನವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಇಂಗ್ಲಿಷರು ಟರ್ಕಿಯದ್ದು ಅಂದರು. ಟರ್ಕಿಯವರು ಇವತ್ತಿಗೂ ಅದನ್ನು 'ಹಿಂದಿ' ಅಂತಾರೆ, ಅಂದ್ರೆ ಭಾರತದ್ದು. ಡಚ್ಚರು 'ಕಲ್ಕುನ್' ಅಂದರು, ಅದು ನಮ್ಮ ಪಕ್ಕದ ಕಲ್ಲಿಕೋಟೆಯ ಹೆಸರಿಂದ ಬಂದ ಪದ! ನಿಜಕ್ಕೂ ಭಾರತಕ್ಕೆ ಈ ಹಕ್ಕಿ ಬಂದಿದ್ದು ಪೋರ್ಚುಗೀಸರ ಕಾಲದಲ್ಲಿ. 1612ರಲ್ಲಿ ಗೋವಾದಿಂದ ತಂದ ಒಂದು ಟರ್ಕಿಯನ್ನು ಜಹಾಂಗೀರ್ ಬಾದಶಹ ನೋಡಿ ಬೆರಗಾಗಿ, ಉಸ್ತಾದ್ ಮನ್ಸೂರ್ ಕೈಲಿ ಚಿತ್ರ ಬರೆಸಿದ. ಅದರ ತಲೆ ಮತ್ತು ಕತ್ತು ಒಮ್ಮೆ ಹವಳದ ಹಾಗೆ ಕೆಂಪಾಗಿ, ಒಮ್ಮೆ ಹತ್ತಿಯ ಹಾಗೆ ಬಿಳಿಯಾಗಿ, ಒಮ್ಮೆ ನೀಲಿಯಾಗಿ ಬಣ್ಣ ಬದಲಿಸುವುದನ್ನು ತನ್ನ ಆತ್ಮಕತೆಯಲ್ಲಿ ಬರೆದಿಟ್ಟಿದ್ದಾನೆ. ಆ ಬಣ್ಣ ಬದಲಾವಣೆ ಹೆಣ್ಣನ್ನು ಕರೆಯುವ ಕಾಲದ್ದು. ನಮ್ಮ ಕತೆಯೂ ಆ ಕಾಲದ್ದೇ.

ವಸಂತದಲ್ಲಿ ಕಾಡಲ್ಲಿ ನಡೆಯೋದು ಇಷ್ಟು. ಗಂಡು ರಾತ್ರಿ ಮರದ ಮೇಲೆ ಮಲಗುತ್ತೆ. ಬೆಳಕು ಹರಿಯುವ ಮೊದಲೇ ಅಲ್ಲಿಂದಲೇ ಕೂಗು ಶುರು ಮಾಡುತ್ತೆ. ಆಮೇಲೆ ಕೆಳಗಿಳಿದು ನವಿಲಿನ ಹಾಗೆ ಬಾಲ ಬಿಚ್ಚಿ, ರೆಕ್ಕೆ ನೆಲಕ್ಕೆ ಉಜ್ಜುತ್ತಾ ತಿರುಗುತ್ತೆ. ಹೆಣ್ಣು ಆ ಕೂಗು ಕೇಳಿ ಗಂಡಿನ ಬಳಿಗೆ ಹೋಗುತ್ತೆ. ಬೇಟೆಗಾರ ಮಾಡೋದು ಇದನ್ನು ತಿರುಗಿಸೋದು. ತಾನು ಮರಕ್ಕೆ ಒರಗಿ ಕೂತು ಹೆಣ್ಣಿನ ದನಿ ಹೊರಡಿಸಿ, ಗಂಡೇ ತನ್ನ ಬಳಿಗೆ ಬರುವಂತೆ ಮಾಡಬೇಕು. ಪ್ರಕೃತಿಯ ನಿಯಮಕ್ಕೆ ಉಲ್ಟಾ ಇದು. ಅದಕ್ಕೇ ಕಷ್ಟ.

ಕರೆಯುವ ಸಾಧನಗಳಿಗೂ ದೊಡ್ಡ ಇತಿಹಾಸವಿದೆ. ಅತಿ ಹಳೆಯ ಸಾಧನ ಟರ್ಕಿಯದೇ ರೆಕ್ಕೆ ಮೂಳೆ. ಟೊಳ್ಳಾದ ಮೂಳೆಗಳನ್ನು ಒಂದಕ್ಕೊಂದು ಸೇರಿಸಿ, ಊದುವ ಬದಲು ತುಟಿಯಲ್ಲಿ ಒಳಕ್ಕೆ ಎಳೆದರೆ ಹೆಣ್ಣಿನ ಕೂಗು ಬರುತ್ತೆ. ಮೂಲನಿವಾಸಿಗಳಿಂದ ಬಂದ ವಿದ್ಯೆ ಅದು. 1897ರಲ್ಲಿ ಅರ್ಕನ್ಸಾ ರಾಜ್ಯದ ಹೆನ್ರಿ ಗಿಬ್ಸನ್ ಎಂಬಾತ ಒಂದು ಮರದ ಪೆಟ್ಟಿಗೆಗೆ ಪೇಟೆಂಟ್ ಪಡೆದ. ತೆಳು ಗೋಡೆಯ ಉದ್ದನೆ ಡಬ್ಬಿ, ಅದರ ಮುಚ್ಚಳಕ್ಕೆ ಚಾಕ್ ಸವರಿ ಅಂಚಿಗೆ ಉಜ್ಜಿದರೆ ಸಾಕು. ಇನ್ನೊಂದು ಸಾಧನ ನಮಗೆಲ್ಲ ಗೊತ್ತಿರೋದೇ: ಸ್ಲೇಟು. ಬಳಪ ಓರೆ ಹಿಡಿದು ಬರೆದಾಗ ಮೈ ಜುಮ್ಮೆನ್ನುವ ಹಾಗೆ ಕಿರ್ ಅಂತಿತ್ತಲ್ಲ, ಆ ಸದ್ದನ್ನೇ ಪಳಗಿಸಿ ಟರ್ಕಿ ಕರೆದಿದ್ದಾರೆ ಅಮೆರಿಕದವರು.

ಹೀಗೆ ಸಾವಿರಾರು ವರ್ಷ ಬೇಟೆ ಆಡಿದರೂ ಮುಗಿಯದ ಹಕ್ಕಿ 19ನೇ ಶತಮಾನದಲ್ಲಿ ಹೇಗೆ ಮುಗಿಯಿತು? ಎರಡು ಕಾರಣ. ಒಂದು, ಕಾಡು ಕಡಿದು ಹೊಲ ಮಾಡಿದ್ದು. ಎರಡು, ಮಾರುಕಟ್ಟೆ. ಹಳ್ಳಿಯವನ ಊಟಕ್ಕಿದ್ದ ಹಕ್ಕಿ ನಗರಗಳ ಮಾಂಸದಂಗಡಿಗೆ ಸರಕಾಯಿತು. ಆಗ ಹೆಣ್ಣು, ಮರಿ ಅನ್ನದೆ ವರ್ಷವಿಡೀ ಹೊಡೆದರು. 1930ರ ದಶಕದ ಹೊತ್ತಿಗೆ ದೇಶದಲ್ಲಿ ಉಳಿದದ್ದು ಸುಮಾರು 2 ಲಕ್ಷ ಅಂತ ಅಂದಾಜು.

ತಿರುವು ಬಂದದ್ದು ಕಾನೂನಿಂದ. 1900ರ ಲೇಸಿ ಕಾಯ್ದೆ, ಕದ್ದು ಹೊಡೆದ ಪ್ರಾಣಿ ಪಕ್ಷಿಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಿ ಮಾರುವುದನ್ನು ತಡೆಯಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ, ಬಂದೂಕು ಮತ್ತು ಮದ್ದುಗುಂಡಿನ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೆ ಮೀಸಲಿಟ್ಟಿತು. ಇವತ್ತಿಗೂ ಅಲ್ಲಿ ಬೇಟೆ ಬಂದೂಕು ಕೊಂಡರೆ ಶೇ 11ರ ತೆರಿಗೆ ಆ ಲೆಕ್ಕಕ್ಕೇ ಹೋಗುತ್ತೆ.

ದುಡ್ಡೇನೋ ಬಂತು. ಆದರೆ ಹಕ್ಕಿ ಎಲ್ಲಿಂದ ತರೋದು? ಸುಲಭ ಅಂದುಕೊಂಡರು. ಫಾರಂನಲ್ಲಿ ಮರಿ ಮಾಡಿಸಿ ಕಾಡಿಗೆ ಬಿಟ್ಟರು. ದಶಕಗಳ ಕಾಲ ಬಿಟ್ಟರು. ಬಿಟ್ಟವೆಲ್ಲ ನರಿ, ಗೂಬೆಗಳ ಪಾಲಾದವು. ಯಾಕೆ ಅಂದ್ರೆ, ಟರ್ಕಿ ಮರಿ ಕಾಡನ್ನು ಕಲಿಯೋದು ತಾಯಿಯ ಹಿಂದೆ ತಿರುಗಿ. ಯಾವ ಸದ್ದಿಗೆ ಅಡಗಬೇಕು, ಯಾವ ದನಿಗೆ ಗುಂಪು ಸೇರಬೇಕು, ಸಂಜೆ ಯಾವಾಗ ಮರ ಹತ್ತಬೇಕು, ಇದನ್ನೆಲ್ಲ ಕಲಿಸುವ ತಾಯಿ ಫಾರಂ ಮರಿಗೆ ಇರಲಿಲ್ಲ.

ಹಾಗಾಗಿ ಉಳಿದಿದ್ದ ಕಾಡು ಹಕ್ಕಿಯನ್ನೇ ಜೀವಂತ ಹಿಡಿಯಬೇಕಿತ್ತು. 1951ರಲ್ಲಿ ಸೌತ್ ಕೆರೊಲಿನಾದ ಫ್ರಾನ್ಸಿಸ್ ಮರಿಯನ್ ಕಾಡಿನಲ್ಲಿ ಹರ್ಮನ್ ಹೋಲ್‌ಬ್ರೂಕ್ ಎಂಬ ಜೀವಶಾಸ್ತ್ರಜ್ಞ, ಬಾತು ಹಿಡಿಯಲು ಬಳಸುತ್ತಿದ್ದ ತೋಪಿನ ಬಲೆಯನ್ನು ಟರ್ಕಿಗೆ ಬಳಸಿದ. ಕಾಳು ಚೆಲ್ಲಿ, ಗುಂಪು ಬಂದಾಗ ಸಣ್ಣ ತೋಪುಗಳಿಂದ ಬಲೆಯನ್ನು ಅವುಗಳ ಮೇಲೆ ಹಾರಿಸುವ ವಿಧಾನ. ಅಲ್ಲಿಂದ ಎಲ್ಲ ಬದಲಾಯ್ತು. ರಾಜ್ಯಗಳು ಹಕ್ಕಿಗಳನ್ನು ಕೊಟ್ಟು ತೆಗೆದುಕೊಂಡವು. ಮಿಸ್ಸೌರಿ ತನ್ನ ಟರ್ಕಿಗಳನ್ನು ಕೆಂಟುಕಿಗೆ ಕೊಟ್ಟು ಬದಲಿಗೆ ನೀರುನಾಯಿ ಪಡೆಯಿತು! ಅದೇ ಮಿಸ್ಸೌರಿ 1960ರಲ್ಲಿ ಮೂರೇ ದಿನದ ವಸಂತದ ಬೇಟೆಗೆ ಅನುಮತಿ ಕೊಟ್ಟಿತ್ತು. ಆ ಮೂರು ದಿನದಲ್ಲಿ ಸಿಕ್ಕಿದ್ದು 94 ಹಕ್ಕಿ. ವಸಂತವೇ ಯಾಕೆ ಅಂದ್ರೆ, ಆಗ ಕೂಗಿಗೆ ಬರೋದು ಗಂಡು. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುವ ಜಾತಿ ಇದು. ಕೆಲವು ಗಂಡು ಹೋದರೂ ಗೂಡಿನಲ್ಲಿ ಮೊಟ್ಟೆ ನಿಲ್ಲುವುದಿಲ್ಲ ಅನ್ನೋದು ಲೆಕ್ಕಾಚಾರ.

ಮ್ಯಾಸಚೂಸೆಟ್ಸ್‌ಗೆ 1972 ಮತ್ತು 73ರಲ್ಲಿ ನ್ಯೂಯಾರ್ಕ್‌ನಿಂದ 37 ಹಕ್ಕಿ ತಂದು ಬರ್ಕ್‌ಶೈರ್ ಬೆಟ್ಟಗಳಲ್ಲಿ ಬಿಟ್ಟರು. ಅಕ್ಕನ ಮನೆ ಮುಂದೆ ಕಾರು ತಡೆದ ಆ ಗಂಡು ಬಹುಶಃ ಆ 37ರ ವಂಶದ್ದೇ.

ಅಕ್ಕನ ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರು, ನಿವೃತ್ತ ಬಡಗಿ, ವಸಂತದ ಬೇಟೆಗೆ ಹೋಗುವವರು. ನನ್ನ ಕುತೂಹಲ ನೋಡಿ ಮೇ ಮೊದಲ ವಾರ ಕರೆದುಕೊಂಡು ಹೋದರು. ಒಂದೇ ಎಚ್ಚರಿಕೆ ಕೊಟ್ಟರು: ಕೆಂಪು, ಬಿಳಿ, ನೀಲಿ ಬಟ್ಟೆ ಬೇಡ. ಅವು ಗಂಡಿನ ತಲೆಯ ಬಣ್ಣ. ಇನ್ನೊಬ್ಬ ಬೇಟೆಗಾರ ನಿಮ್ಮನ್ನೇ ಹಕ್ಕಿ ಅಂದುಕೊಳ್ಳಬಹುದು.

ಕತ್ತಲಲ್ಲಿ ಕಾಡೊಳಗೆ ಕೂತೆವು. ಬೆಳಕಾದಾಗ ನೋಡಿದರೆ ನಮ್ಮ ಮುಂದೆ ಪಾಚಿ ಹಿಡಿದ ಕಲ್ಲಿನ ಗೋಡೆ. ದಟ್ಟ ಕಾಡಿನ ನಡುವೆ ಗೋಡೆ! ಅದು ಹಿಂದಿನವರ ಹೊಲದ ಬೇಲಿ. ರೈತರು ಪಶ್ಚಿಮಕ್ಕೆ, ಪೇಟೆಗೆ ಹೋದ ಮೇಲೆ ಹೊಲವೇ ಕಾಡಾಗಿ ಬೆಳೆದಿತ್ತು. ಮೊದಲು ಕಾಡು ಬಂತು, ಆಮೇಲೆ ಹಕ್ಕಿ.

ಹಿರಿಯರು ಸ್ಲೇಟಿನ ಮೇಲೆ ಕಡ್ಡಿಯನ್ನು ಮೂರು ಸಲ ಎಳೆದರು. ದೂರದ ಮರದಿಂದ ಉತ್ತರ ಬಂತು. ಹದಿನೈದು ನಿಮಿಷ ಬಿಟ್ಟು ಮತ್ತೆ ಮೂರು ಸಲ. ಕೂಗು ಹತ್ತಿರವಾಯ್ತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಗೋಡೆಯ ಆಚೆ ಬಿಚ್ಚಿದ ಬಾಲದ ಅಂಚು ಕಂಡಿತು. ಅಲ್ಲೇ ನಿಂತಿತು, ಗೋಡೆ ದಾಟಲಿಲ್ಲ. ಅಷ್ಟರಲ್ಲಿ ಎಡಗಡೆಯಿಂದ ಒಂದು ನಿಜವಾದ ಹೆಣ್ಣು ಕೂಗುತ್ತಾ ಬಂತು. ಗಂಡು ಅದರ ಹಿಂದೆ ಹೊರಟೇ ಹೋಯ್ತು. ಹಿರಿಯರು ಸ್ಲೇಟು ಜೇಬಿಗಿಟ್ಟು ನಕ್ಕರು. "ಅವಳ ಉಚ್ಚಾರಣೆ ನನ್ನದಕ್ಕಿಂತ ಚೆನ್ನಾಗಿದೆ," ಅಂದರು.

ನಾನು ಬೇಟೆಗಾರನಲ್ಲ. ಗುಂಡು ಹಾರದಿದ್ದಕ್ಕೆ ಒಳಗೊಳಗೇ ಸಮಾಧಾನವಾಯಿತು ಅಂತ ಒಪ್ಪಿಕೊಳ್ತೀನಿ. ನಾನು ಬೆಳೆದದ್ದು ಬೇರೆ ದಾರಿ ಹಿಡಿದ ದೇಶದಲ್ಲಿ. ಆ ಹಕ್ಕಿಗಳನ್ನು ಅಲ್ಲಿ ಬಿಟ್ಟ 1972ರಲ್ಲೇ ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಬೇಟೆಯ ಬಾಗಿಲು ಮುಚ್ಚಿತು. ಕರೆದು ಹೊಡೆಯುವ ವಿದ್ಯೆ ನಮಗೂ ಹೊಸದೇನಲ್ಲ. ಬೆಂಗಳೂರಿನ ಕೆನೆತ್ ಆಂಡರ್ಸನ್ ಜೌಳಗಿರಿಯ ನರಭಕ್ಷಕ ಹೆಣ್ಣು ಹುಲಿಯನ್ನು ಗಂಡು ಹುಲಿಯ ದನಿ ಮಾಡಿ ಕರೆಸಿದ್ದನ್ನು ಬರೆದಿದ್ದಾನೆ. ನಮಗೆ ಅದು ಈಗ ಓದುವ ಕತೆ. ಆ ಹಿರಿಯರಿಗೆ ಅದು ಪ್ರತಿ ಮೇ ತಿಂಗಳ ಬೆಳಿಗ್ಗೆ.

ಯಾವ ದಾರಿ ಸರಿ ಅಂತ ತೀರ್ಪು ಕೊಡೋಕೆ ನಾನು ಇಲ್ಲಿ ಕೂತಿಲ್ಲ. ಅಮೆರಿಕದ ದಾರಿಯಲ್ಲೂ ಈಗ ಆತಂಕ ಇದೆ. ಈ ಶತಮಾನದ ಆರಂಭದಲ್ಲಿ 65 ಲಕ್ಷ ದಾಟಿದ್ದ ಟರ್ಕಿಗಳ ಸಂಖ್ಯೆ ದಕ್ಷಿಣದ ಹಲವು ರಾಜ್ಯಗಳಲ್ಲಿ ಇಳಿಯುತ್ತಿದೆ. ಹೆಣ್ಣನ್ನು ಕೂಡುವ ಮೊದಲೇ ಗಂಡನ್ನು ಹೊಡೆಯುತ್ತಿದ್ದೇವಾ ಅನ್ನುವ ಪ್ರಶ್ನೆ ಎದ್ದಿದೆ. ಟೆನ್ನೆಸ್ಸೀ ರಾಜ್ಯ 2023ರಲ್ಲಿ ಬೇಟೆಯ ಆರಂಭವನ್ನು ಎರಡು ವಾರ ಮುಂದೂಡಿತು.

ಆದರೆ ಒಂದು ಮಾತು ನನಗೆ ಸ್ಪಷ್ಟ. ಮಾರುಕಟ್ಟೆಗೆ ಹೊಡೆದವನಿಗೆ ಆ ಹಕ್ಕಿ ಏನು ಹೇಳುತ್ತೆ ಅನ್ನೋದು ಬೇಕಿರಲಿಲ್ಲ, ತೂಕ ಸಾಕಿತ್ತು. ಫಾರಂನಲ್ಲಿ ಮರಿ ಮಾಡಿಸಿದವರಿಗೂ ಎಣಿಕೆ ಸಾಕಿತ್ತು. ಹಕ್ಕಿಯನ್ನು ವಾಪಸ್ ತಂದದ್ದು, ಕಾಡಿನ ತಾಯಿ ಮರಿಗೆ ಕಲಿಸುವ ಪಾಠವನ್ನು ಯಾವ ಫಾರಂ ಕೂಡ ಕಲಿಸಲಾರದು ಅಂತ ಅರ್ಥ ಮಾಡಿಕೊಂಡವರು. ಮೌಂಟ್ ಟಾಮ್‌ನಲ್ಲಿ ಕೊನೆಯ ಹಕ್ಕಿ ಬಿದ್ದಾಗಿನಿಂದ ಆ 37 ಬರುವವರೆಗೆ 121 ವರ್ಷ. ಅಷ್ಟು ವಸಂತ ಆ ರಾಜ್ಯದ ಕಾಡಲ್ಲಿ ಯಾರು ಸ್ಲೇಟು ಉಜ್ಜಿದ್ದರೂ ಉತ್ತರ ಬರುತ್ತಿರಲಿಲ್ಲ. ಈಗ ಕಾರಿನ ಹಾರ್ನಿಗೂ ಬರುತ್ತೆ.

ಇವತ್ತಿಗೆ ಇಷ್ಟು. ನಿಮ್ಮೂರಲ್ಲಿ ದನಿ ಮಾಡಿ ಹಕ್ಕಿ ಕರೆಯುತ್ತಿದ್ದ ಹಿರಿಯರು ಯಾರಾದರೂ ಇದ್ದರೆ, ಅವರ ನೆನಪನ್ನು ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.